ನಿದ್ರಿಸುವ ಮನಸ್ಸು, ಎಚ್ಚತ್ತ ಮೈ

1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ದಂತವೈದ್ಯನಾದ ವಿಲಿಯಂ ಮಾರ್ಟನ್ ಎಂಬಾತನು ರೋಗಿಯೊಬ್ಬನಿಗೆ ಈಥರಿನ ಆವಿಯನ್ನು ಉಸಿರಾಡಿಸಿ, ಅವನ ಕೊರಳಿನ ಗಂಟನ್ನು ಶಸ್ತ್ರವೈದ್ಯನು ಕೊಯ್ಯುತ್ತಿದ್ದಾಗ ಅವನು ಯಾತನೆಯಿಂದ ಚೀರದಂತೆ ಮಾಡಿದಂದಿನಿಂದ, ಶಸ್ತ್ರಚಿಕಿತ್ಸೆಯ ಚರಿತ್ರೆಯೇ ಬೇರೊಂದು ದಾರಿ ಹಿಡಿಯಿತು. ಆದರೆ ಅರಿವಳಿಕೆಯು ಮರೆಸುವುದು ಮನಸ್ಸನ್ನು ಮಾತ್ರ. ಮೈಗೆ ಗಾಯದ ಅರಿವು ಉಳಿದೇ ಇರುತ್ತದೆ.

ಗಾಯವನ್ನು ದೇಹವು ಅರಿಯುವ ಬಗೆಯನ್ನು ಮೊದಲು ಕಂಡವರಲ್ಲಿ ರಷ್ಯಾದ ವಿಜ್ಞಾನಿ ಮೆಚ್ನಿಕಾಫ್ ಪ್ರಮುಖನು. ಇಟಲಿಯ ಮೆಸ್ಸಿನಾದ ಕಡಲತೀರದಲ್ಲಿ, 1882ರಲ್ಲಿ, ನಕ್ಷತ್ರಮೀನಿನ ಪಾರದರ್ಶಕವಾದ ಮರಿಗೆ ಆತನು ಮುಳ್ಳನ್ನು ಚುಚ್ಚಿ, ಮರುದಿನ ಬೆಳಗ್ಗೆ ನೋಡಿದಾಗ, ಚಲಿಸುವ ಕಣಗಳು ಆ ಮುಳ್ಳನ್ನು ಮುತ್ತಿಕೊಂಡಿದ್ದುವು. ವೈದ್ಯನ ಕತ್ತಿಯೂ ದೇಹದ ಪಾಲಿಗೆ ಅಂಥದೇ ಮುಳ್ಳು. ಹಿತಕ್ಕಾಗಿ ಕೊಯ್ದುದೋ ವೈರದಿಂದ ಇರಿದುದೋ ಎಂಬ ವಿವೇಚನೆ ಅದಕ್ಕಿಲ್ಲ. ಒಡೆದ ಜೀವಕೋಶಗಳಿಂದ ಸೋರಿದ ವಸ್ತುಗಳೇ ಕರೆಯಾಗಿ, ಬಿಳಿಯ ರಕ್ತಕಣಗಳು ಧಾವಿಸುತ್ತವೆ, ಉರಿಯೂತವೇಳುತ್ತದೆ, ಜ್ವರವೂ ಬಂದೀತು.

ಈ ಉರಿ ಹತೋಟಿ ಮೀರಿದರೆ ಮನೆಯನ್ನೇ ಸುಡುವುದರಿಂದ, ಅದನ್ನು ತಣಿಸುವ ಏರ್ಪಾಡನ್ನೂ ಪ್ರಕೃತಿಯು ಜೊತೆಯಲ್ಲಿಯೇ ಮಾಡಿದೆ. ಕಾರ್ಟಿಸೋಲ್, ಅಡ್ರಿನಾಲಿನ್ ಮೊದಲಾದ ಸ್ರಾವಗಳು ಏರಿ, ರಕ್ತದಲ್ಲಿನ ಲಿಂಫೋಸೈಟುಗಳೆಂಬ ಬಿಳಿಕಣಗಳ ಸಂಖ್ಯೆ ಇಳಿದು, ಸೋಂಕು ತಗುಲಿದ ಕಣಗಳನ್ನೂ ಕ್ಯಾನ್ಸರ್ ಕಣಗಳನ್ನೂ ಕೊಲ್ಲುವ ಸಹಜ ಘಾತಕಕಣಗಳು ಕೆಲವು ದಿನಗಳ ಮಟ್ಟಿಗೆ ಮಂದವಾಗುತ್ತವೆ. ಗಾಯ ದೊಡ್ಡದಾದಷ್ಟೂ ಈ ಕುಗ್ಗು ಆಳವಾದುದು. ಸಣ್ಣ ರಂಧ್ರಗಳ ಮೂಲಕ ನಡೆಸುವ ಲ್ಯಾಪರೋಸ್ಕೋಪಿ ಶಸ್ತ್ರಚಿಕಿತ್ಸೆಯಲ್ಲಿ ಇದು ಸಾಮಾನ್ಯವಾಗಿ ಕಡಿಮೆ.

ಅರಿವಳಿಕೆಯ ಔಷಧಗಳ ಪಾತ್ರವೇನು? ಮಾರ್ಫಿನ್ ವರ್ಗದವೂ ಉಸಿರಿನ ಮೂಲಕ ಕೊಡುವ ಕೆಲವು ಆವಿಗಳೂ ಪ್ರಯೋಗಶಾಲೆಯಲ್ಲಿ ರಕ್ಷಕಕಣಗಳನ್ನು ಕುಗ್ಗಿಸುವುದು ಕಂಡುಬಂದಿದ್ದರಿಂದ, ನರಗಳನ್ನು ಮಾತ್ರ ಮರಗಟ್ಟಿಸುವ ಪ್ರಾದೇಶಿಕ ಅರಿವಳಿಕೆಯಿಂದ ಸ್ತನಕ್ಯಾನ್ಸರ್ ಮರುಕಳಿಸುವುದು ಕಡಿಮೆಯಾದೀತೆಂಬ ಆಸೆ ಹುಟ್ಟಿತ್ತು. 2,100ಕ್ಕೂ ಹೆಚ್ಚು ಸ್ತ್ರೀಯರಲ್ಲಿ ಎರಡೂ ವಿಧಾನಗಳನ್ನು ಹೋಲಿಸಿ 2019ರಲ್ಲಿ ಪ್ರಕಟವಾದ ಪರೀಕ್ಷೆಯು, ಮರುಕಳಿಕೆಯಲ್ಲಿ ವ್ಯತ್ಯಾಸವನ್ನು ಕಾಣಲಿಲ್ಲ. ಆದುದರಿಂದ ಅರಿವಳಿಕೆಗೆ ಅಂಜಿ ಅಗತ್ಯವಾದ ಶಸ್ತ್ರಚಿಕಿತ್ಸೆಯನ್ನು ಮುಂದೂಡುವುದು ತರವಲ್ಲ.

ಔಷಧದ ಆಯ್ಕೆಗಿಂತ ಸರಳವಾದ ಸಂಗತಿಯೊಂದು ಇಲ್ಲಿ ಗಮನಾರ್ಹವಾಗಿದೆ. ಅರಿವಳಿಕೆಯಲ್ಲಿ ಚರ್ಮದ ರಕ್ತನಾಳಗಳು ಸಡಿಲಗೊಂಡು, ನಡುಗಿ ಬಿಸಿಯಾಗುವ ಶಕ್ತಿಯೂ ಅಡಗಿ, ಮೈ ತಣ್ಣಗಾಗುತ್ತದೆ. ತಣ್ಣಗಾದ ಮೈ ಬಳಿಕ ನಾಳಗಳನ್ನು ಬಿಗಿಹಿಡಿದಾಗ ಗಾಯಕ್ಕೆ ರಕ್ತವೂ ಆಮ್ಲಜನಕವೂ ಸಾಲದೆ ಹೋಗುತ್ತವೆ. ಬಿಳಿಕಣಗಳು ರೋಗಾಣುಗಳನ್ನು ಕೊಲ್ಲುವುದಕ್ಕೆ ಬೇಕಾದ ಆಯುಧವಾದರೋ ಆ ಆಮ್ಲಜನಕದಿಂದಲೇ ಆದುದು. ದೊಡ್ಡಕರುಳಿನ ಶಸ್ತ್ರಚಿಕಿತ್ಸೆಗೊಳಗಾದ 200 ರೋಗಿಗಳನ್ನು ಕುರಿತು 1996ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಮೈ ಸುಮಾರು 34.7 ಡಿಗ್ರಿ ಸೆಲ್ಸಿಯಸ್‌ಗೆ ಇಳಿದವರ ಪೈಕಿ ನೂರಕ್ಕೆ 19 ಮಂದಿಗೆ ಗಾಯದ ಸೋಂಕು ತಗುಲಿತು. ಬೆಚ್ಚಗಿರಿಸಿದವರಲ್ಲಿ ತಗುಲಿದ್ದು ನೂರಕ್ಕೆ 6 ಮಂದಿಗೆ ಮಾತ್ರ.

ಹೀಗಾಗಿ ರೋಗಿಯ ಪಾಲಿನ ಕರ್ತವ್ಯವೂ ಉಂಟು. ಶಸ್ತ್ರಚಿಕಿತ್ಸೆಯ ದಿನ ಗೊತ್ತಾದೊಡನೆ ಬೀಡಿ ಸಿಗರೇಟನ್ನು ತ್ಯಜಿಸಿರಿ, ಸಕ್ಕರೆ ಕಾಯಿಲೆಯಿದ್ದರೆ ಹತೋಟಿಗೆ ತಂದುಕೊಳ್ಳಿರಿ, ಸೇವಿಸುತ್ತಿರುವ ಔಷಧಗಳನ್ನೆಲ್ಲ ಅರಿವಳಿಕೆಯ ವೈದ್ಯರಿಗೆ ತಿಳಿಸಿರಿ. ಮೇಜಿನ ಮೇಲೆ ಚಳಿಯಾದರೆ ಸಂಕೋಚಪಡದೆ ಹೊದಿಕೆ ಕೇಳಿರಿ.