ಕ್ಯಾಮರಾದ ಕಣ್ಣಿನಲ್ಲಿ ಹಕ್ಕಿಗಳು

ಹಕ್ಕಿಯೊಂದನ್ನು ಕಂಡೆನೆಂದು ಹೇಳುವುದು ಸುಲಭ. ಕಂಡದ್ದು ಇಂಥದೇ ಹಕ್ಕಿಯೆಂದು ಇತರರಿಗೆ ಮನಗಾಣಿಸುವುದು ಕಷ್ಟ. ಹತ್ತೊಂಬತ್ತನೆಯ ಶತಮಾನದ ಪಕ್ಷಿಶಾಸ್ತ್ರಜ್ಞರು ಈ ಕಷ್ಟಕ್ಕೆ ಕಂಡುಕೊಂಡಿದ್ದ ಪರಿಹಾರ ಬಂದೂಕು. ಹಕ್ಕಿಯನ್ನು ಹೊಡೆದು, ಚರ್ಮ ಸುಲಿದು, ಒಳಗೆ ಹತ್ತಿ ತುಂಬಿ, ಸ್ಥಳ ಮತ್ತು ದಿನಾಂಕಗಳನ್ನು ಬರೆದ ಚೀಟಿಯನ್ನು ಕಾಲಿಗೆ ಕಟ್ಟಿ ಸಂಗ್ರಹಾಲಯದಲ್ಲಿ ಇರಿಸುತ್ತಿದ್ದರು. ಆ ಚರ್ಮಗಳಿಂದ ವಿಜ್ಞಾನಕ್ಕೆ ಆದ ಉಪಕಾರ ದೊಡ್ಡದು. ಆದರೆ ಹಕ್ಕಿಯನ್ನು ಗುರುತಿಸಲು ಹಕ್ಕಿಯೇ ಪ್ರಾಣ ಕೊಡಬೇಕಾಗಿತ್ತು.

ಬಂದೂಕಿನ ಸ್ಥಾನಕ್ಕೆ ಕ್ಯಾಮರಾವನ್ನು ತಂದವರಲ್ಲಿ ಇಂಗ್ಲೆಂಡಿನ ರಿಚರ್ಡ್ ಕೀರ್ಟನ್ ಮತ್ತು ಚೆರಿ ಕೀರ್ಟನ್ ಎಂಬ ಸೋದರರು ಮೊದಲಿಗರು. 1895ರಲ್ಲಿ ಅವರು ಹಕ್ಕಿಗೂಡುಗಳ ಛಾಯಾಚಿತ್ರಗಳನ್ನೊಳಗೊಂಡ ಪುಸ್ತಕವನ್ನು ಹೊರತಂದರು. ಹಕ್ಕಿಗಳು ಮನುಷ್ಯನಿಗೆ ಅಂಜುತ್ತವೆ, ಮೇಯುವ ದನಕ್ಕೆ ಅಂಜುವುದಿಲ್ಲ ಎಂಬುದನ್ನು ಗಮನಿಸಿ, ಎತ್ತಿನ ಚರ್ಮದಿಂದ ಟೊಳ್ಳಾದ ಎತ್ತೊಂದನ್ನು ಮಾಡಿಸಿ, ಅದರ ಹೊಟ್ಟೆಯೊಳಗೆ ಕ್ಯಾಮರಾ ಸಹಿತ ಅಡಗಿ ಕುಳಿತರು! ಕರ್ನಾಟಕದಲ್ಲಿಯೂ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಮೊದಲಾದವರು ಫಿಲ್ಮಿನ ಕಾಲದಲ್ಲಿಯೇ ಈ ಕಲೆಯಲ್ಲಿ ಹೆಸರು ಗಳಿಸಿದರು. ಸಾಹಿತಿ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳನ್ನು ಕುರಿತು ಬರೆದಷ್ಟೇ ಆಸ್ಥೆಯಿಂದ ಅವುಗಳ ಚಿತ್ರಗಳನ್ನೂ ತೆಗೆದರು. ಒಂದು ಸುರುಳಿಯಲ್ಲಿ ಮೂವತ್ತಾರು ಚಿತ್ರಗಳು. ಅವು ಹೇಗೆ ಬಂದಿವೆಯೆಂದು ತಿಳಿಯಬೇಕಾದರೆ ಸುರುಳಿಯನ್ನು ಸಂಸ್ಕರಿಸುವವರೆಗೆ ಕಾಯಬೇಕು. ಅಷ್ಟರಲ್ಲಿ ಹಕ್ಕಿ ಎಲ್ಲಿಗೋ ಹೋಗಿರುತ್ತಿತ್ತು.

ಈ ಕಾಯುವಿಕೆಯನ್ನು ಕೊನೆಗಾಣಿಸಿದ್ದು ಡಿಜಿಟಲ್ ಕ್ಯಾಮರಾ. 1975ರಲ್ಲಿ ಅಮೆರಿಕದ ಕೊಡಾಕ್ ಸಂಸ್ಥೆಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ರಚಿಸಿದ ಮೊದಲ ಮಾದರಿಯು ಹತ್ತು ಸಾವಿರ ಚುಕ್ಕೆಗಳ ಒಂದು ಕಪ್ಪು ಬಿಳುಪು ಚಿತ್ರವನ್ನು ಕ್ಯಾಸೆಟ್ ಟೇಪಿನ ಮೇಲೆ ದಾಖಲಿಸಲು 23 ಸೆಕೆಂಡುಗಳನ್ನು ತೆಗೆದುಕೊಳ್ಳುತ್ತಿತ್ತು. ಇಂದಿನ ಕ್ಯಾಮರಾಗಳು ಕೋಟಿಗಟ್ಟಲೆ ಚುಕ್ಕೆಗಳ ಹತ್ತಾರು ಚಿತ್ರಗಳನ್ನು ಒಂದೇ ಸೆಕೆಂಡಿನಲ್ಲಿ ತೆಗೆಯಬಲ್ಲವು. ಫಿಲ್ಮಿನ ಜಾಗದಲ್ಲಿ ಇವುಗಳೊಳಗೆ ಬೆಳಕನ್ನು ಗ್ರಹಿಸುವ ಫಲಕವೊಂದು ಇರುತ್ತದೆ. ಅದರ ಮೇಲಿನ ಅತಿ ಸೂಕ್ಷ್ಮ ಕೋಶಗಳಲ್ಲಿ ಪ್ರತಿಯೊಂದೂ ತನ್ನ ಮೇಲೆ ಬಿದ್ದ ಬೆಳಕನ್ನು ವಿದ್ಯುತ್ತಾಗಿ ಮಾರ್ಪಡಿಸುತ್ತದೆ. ಆ ವಿದ್ಯುತ್ತನ್ನು ಅಳೆದು ಅಂಕಿಗಳಾಗಿ ಬರೆದಿಡಲಾಗುತ್ತದೆ. ಚಿತ್ರವೆಂದರೆ ಈ ಅಂಕಿಗಳ ಸಮೂಹವೇ.

ಉಪಕರಣವು ಎಷ್ಟೇ ಚತುರವಾಗಿದ್ದರೂ ಅದಕ್ಕೆ ವಿವೇಚನೆ ಇಲ್ಲ. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿನಲ್ಲಿ ಇದನ್ನು ಚೆನ್ನಾಗಿ ಕಾಣಬಹುದು. ಸಲೀಂ ಅಲಿಯವರ ಸಲಹೆಯ ಮೇರೆಗೆ 1940ರಲ್ಲಿ ಪಕ್ಷಿಧಾಮವೆಂದು ಘೋಷಿತವಾದ ಈ ಕಾವೇರಿಯ ನಡುಗಡ್ಡೆಗಳ ನಡುವೆ ದೋಣಿಯಲ್ಲಿ ಸಾಗುವಾಗ, ಕಪ್ಪಾದ ನೀರಿನ ಅಂಚಿನಲ್ಲಿ ಬೆಳ್ಳಕ್ಕಿಯೊಂದು ನಿಂತಿದೆಯೆನ್ನೋಣ. ದೃಶ್ಯದ ಬಹುಭಾಗ ಕಪ್ಪಾಗಿರುವುದರಿಂದ ಬೆಳಕು ಸಾಲದೆಂದು ಭಾವಿಸಿ ಕ್ಯಾಮರಾವು ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ. ಪರಿಣಾಮವಾಗಿ ಬೆಳ್ಳಕ್ಕಿಯ ಗರಿಗಳೆಲ್ಲ ಮಾಯವಾಗಿ, ಸುಣ್ಣ ಬಳಿದಂತಹ ಒಂದು ಬಿಳಿಯ ಆಕೃತಿ ಮಾತ್ರ ಉಳಿಯುತ್ತದೆ. ಹಾಗೆ ಅಳಿದುಹೋದ ಗರಿಗಳನ್ನು ಮುಂದೆ ಯಾವ ಕಂಪ್ಯೂಟರೂ ಮರಳಿ ತಾರದು. ಆದುದರಿಂದ ಬಲ್ಲವನು ಬೆಳಕನ್ನು ಮೊದಲೇ ತಗ್ಗಿಸುತ್ತಾನೆ. ಅದೇ ದೋಣಿಯಿಂದ ತಲೆಯೆತ್ತಿ, ಬೆಳಗುವ ಆಕಾಶದಲ್ಲಿ ಹಾರುವ ನೀರುಕಾಗೆಯನ್ನು ಹಿಡಿಯುವಾಗ ಇದಕ್ಕೆ ವಿರುದ್ಧವಾಗಿ ಬೆಳಕನ್ನು ಹೆಚ್ಚಿಸುತ್ತಾನೆ; ಇಲ್ಲವಾದರೆ ದೊರೆಯುವುದು ಬರಿಯ ನೆರಳು. ಕುಳಿತ ಹಕ್ಕಿಗೆ ಸೆಕೆಂಡಿನ ಐನೂರನೆಯ ಒಂದು ಭಾಗದ ವೇಗ ಸಾಕಾದರೆ, ಹಾರುವ ಹಕ್ಕಿಯ ರೆಕ್ಕೆ ಸ್ಫುಟವಾಗಿ ಮೂಡಲು ಎರಡು ಸಾವಿರದ ಒಂದು ಭಾಗವಾದರೂ ಬೇಕು.

ಪಕ್ಷಿವೀಕ್ಷಕನಿಗೆ ಸುಂದರವಾದ ಚಿತ್ರವೇ ಬೇಕೆಂದಿಲ್ಲ. ಚಳಿಗಾಲದಲ್ಲಿ ವಲಸೆ ಬರುವ ಪುಟ್ಟ ಉಲಿಯಕ್ಕಿಗಳಲ್ಲಿ ಹಲವು ಜಾತಿಗಳು ಒಂದನ್ನೊಂದು ಬಹುವಾಗಿ ಹೋಲುತ್ತವೆ. ಹುಬ್ಬಿನ ಗೆರೆಯ ಉದ್ದ, ರೆಕ್ಕೆಯ ಮೇಲಿನ ಪಟ್ಟಿ, ಕಾಲಿನ ಬಣ್ಣ ಇಂತಹ ಸಣ್ಣ ವ್ಯತ್ಯಾಸಗಳಿಂದಲೇ ಅವುಗಳನ್ನು ಬೇರ್ಪಡಿಸಬೇಕು. ಪೊದೆಯ ಮರೆಯಿಂದ ಹೇಗೋ ತೆಗೆದ ಮಸುಕು ಚಿತ್ರವೂ ಇಲ್ಲಿ ಸಾಕ್ಷ್ಯವಾಗುತ್ತದೆ. ಆದರೂ ಚಿತ್ರವನ್ನು ಕುರುಡಾಗಿ ನಂಬುವಂತಿಲ್ಲ. ಸಂಜೆಯ ಬಿಸಿಲು ಬಿಳಿಯ ಎದೆಯನ್ನು ಹಳದಿಯಾಗಿಸುತ್ತದೆ. ಎಲೆಗಳ ನೆರಳು ಕಂದು ಹಕ್ಕಿಗೆ ಹಸುರನ್ನು ಬಳಿಯುತ್ತದೆ. ಕಣ್ಣಿಗೆ ಕಂಡದ್ದನ್ನೂ ಕಿವಿಗೆ ಕೇಳಿದ್ದನ್ನೂ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವವನು ಮೋಸಹೋಗುವುದು ಕಡಿಮೆ.

ಗೂಡಿನ ವಿಷಯದಲ್ಲಿ ಮಾತ್ರ ಕೀರ್ಟನ್ ಸೋದರರ ದಾರಿಯನ್ನು ಇಂದಿನವರು ಕೈಬಿಡಬೇಕಾಗಿದೆ. ಗೂಡಿಗೆ ಮನುಷ್ಯ ಸಮೀಪಿಸಿದೊಡನೆ ತಾಯಿಹಕ್ಕಿ ಎದ್ದುಹೋಗುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಬಣ್ಣದ ಕೊಕ್ಕರೆಯು ರೆಕ್ಕೆಗಳನ್ನು ಬಿಚ್ಚಿ ಮರಿಗಳಿಗೆ ಕೊಡೆ ಹಿಡಿದಂತೆ ನಿಲ್ಲುವುದುಂಟು; ಅದು ದೂರವಾದರೆ ಮರಿಗಳು ಬೇಯುತ್ತವೆ. ಚಿತ್ರಕ್ಕೆ ಅಡ್ಡಿಯೆಂದು ರೆಂಬೆಯನ್ನು ಸರಿಸಿದರೆ ಕಾಗೆಗೂ ಹದ್ದಿಗೂ ಗೂಡಿನ ದಾರಿಯನ್ನು ತೋರಿಸಿದಂತೆಯೇ ಸರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕಾಡುಹಕ್ಕಿಗಳ ಗೂಡನ್ನೂ ಮೊಟ್ಟೆಗಳನ್ನೂ ಕದಡುವುದನ್ನು ‘ಬೇಟೆ’ ಎಂಬ ಪದದ ಅರ್ಥದೊಳಗೇ ಸೇರಿಸಿದೆ. ಬಂದೂಕು ಹಿಡಿಯದವನೂ ಹೀಗೆ ಬೇಟೆಗಾರನಾಗಬಹುದು.

ದೂರದಲ್ಲಿ ನಿಂತೇ ಎಷ್ಟನ್ನು ಸಾಧಿಸಬಹುದು ಎಂಬುದಕ್ಕೆ ಪಟ್ಟೆತಲೆ ಬಾತುಗಳು ಉತ್ತಮ ನಿದರ್ಶನ. ಹಿಮಾಲಯವನ್ನು ದಾಟಿ ಬರುವ ಈ ಬಾತುಗಳು ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ದೊಡ್ಡ ಹಿಂಡುಗಳಾಗಿ ಬೀಡುಬಿಡುತ್ತವೆ. ದೂರದ ಮಂಗೋಲಿಯದಲ್ಲಿ ಸಂಶೋಧಕರು ಇವುಗಳಲ್ಲಿ ಕೆಲವಕ್ಕೆ ಗುರುತಿನ ಬರಹವುಳ್ಳ ಬಣ್ಣದ ಕೊರಳಪಟ್ಟಿಗಳನ್ನು ತೊಡಿಸಿದ್ದಾರೆ. ಅಂತಹ ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡುಬಂದಿವೆ. ಏರಿಯ ಮೇಲಿನಿಂದ ಉದ್ದನೆಯ ಲೆನ್ಸಿನಲ್ಲಿ ತೆಗೆದ ಚಿತ್ರವನ್ನು ಪರದೆಯ ಮೇಲೆ ಹಿಗ್ಗಿಸಿದರೆ ಕೊರಳಿನ ಬರಹವನ್ನು ಓದಬಹುದು. ಚಿತ್ರ ತೆಗೆದ ದಿನಾಂಕವನ್ನೂ ವೇಳೆಯನ್ನೂ ಕ್ಯಾಮರಾವೇ ಬರೆದುಕೊಂಡಿರುತ್ತದೆ. ಹಿಂದೆ ಸತ್ತ ಹಕ್ಕಿಯ ಕಾಲಿಗೆ ಕಟ್ಟುತ್ತಿದ್ದ ಚೀಟಿಯಲ್ಲಿನ ವಿವರಗಳೆಲ್ಲ ಹೀಗೆ ದೊರೆಯುತ್ತವೆ. ಬಾತು ಮಾತ್ರ ನೀರಿನ ಮೇಲೆ ತೇಲುತ್ತಲೇ ಇರುತ್ತದೆ.