ಹೆಸರಿನ ಹಿಂದಿನ ಹೆಸರು

ನಮ್ಮ ಕರಾವಳಿಯಲ್ಲಿ ಅಪರಿಚಿತರಿಬ್ಬರು ಭೇಟಿಯಾದರೆ ಮಾತು ಸಾಮಾನ್ಯವಾಗಿ ಮೂರು ಪ್ರಶ್ನೆಗಳಿಂದ ಆರಂಭವಾಗುತ್ತದೆ: ಹೆಸರೇನು? ಊರು ಯಾವುದು? ಯಾರ ಪೈಕಿ? ಮೊದಲನೆಯದಕ್ಕೆ ಉತ್ತರ ದೊರೆತರೂ ಕೇಳುವವನಿಗೆ ತೃಪ್ತಿಯಿಲ್ಲ. ಎರಡನೆಯದರಿಂದ ಸ್ವಲ್ಪ ಸಮಾಧಾನ. ಮೂರನೆಯದಕ್ಕೆ ಉತ್ತರ ಸಿಕ್ಕಿದ ಮೇಲೆಯೇ ಆತನು ನಮ್ಮೊಡನೆ ಹೇಗೆ ಮಾತನಾಡಬೇಕು, ಎಲ್ಲಿ ಕುಳ್ಳಿರಿಸಬೇಕು, ಎಷ್ಟು ಸಲಿಗೆ ತೋರಬೇಕು ಎಂಬುದನ್ನು ಮನಸ್ಸಿನಲ್ಲಿಯೇ ನಿರ್ಧರಿಸುತ್ತಾನೆ.

ಈ ಪ್ರಶ್ನೆಯೇ ತಪ್ಪೆಂದು ಹೇಳಲಾಗದು. ಮನುಷ್ಯನು ಸ್ವಭಾವತಃ ಸಮಾಜಜೀವಿ ಎಂದು ಅರಿಸ್ಟಾಟಲನು ಹೇಳಿ ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಸಂದಿವೆ. ‘ನಾನು ಯಾರು?’ ಎಂದು ತತ್ತ್ವಜ್ಞಾನಿಯು ಏಕಾಂತದಲ್ಲಿ ಕೇಳಿಕೊಳ್ಳಬಹುದು. ಆದರೆ ಆ ಪ್ರಶ್ನೆಯನ್ನು ಕೇಳುವ ಶಕ್ತಿ ನಮಗೆ ಬರುವ ಮೊದಲೇ ಸಮಾಜವು ಉತ್ತರವನ್ನು ಬರೆದಿಟ್ಟಿರುತ್ತದೆ. ತೊಟ್ಟಿಲಲ್ಲಿರುವ ಮಗುವಿಗೆ ಆಗಲೇ ಒಂದು ಮನೆತನವಿದೆ, ಭಾಷೆಯಿದೆ, ಮತವಿದೆ, ಜಾತಿಯಿದೆ. ಅಮೆರಿಕದ ಮಾನವಶಾಸ್ತ್ರಜ್ಞ ರಾಲ್ಫ್ ಲಿಂಟನ್ 1936ರಲ್ಲಿ ಸಾಮಾಜಿಕ ಸ್ಥಾನಗಳನ್ನು ಎರಡಾಗಿ ವಿಂಗಡಿಸಿದನು: ಹುಟ್ಟಿನಿಂದ ಬಂದದ್ದು, ಪ್ರಯತ್ನದಿಂದ ಗಳಿಸಿದ್ದು. ಪ್ರತಿಯೊಂದು ಸ್ಥಾನಕ್ಕೂ ತಕ್ಕ ಪಾತ್ರವಿದೆ, ಪಾತ್ರಕ್ಕೆ ತಕ್ಕ ನಡೆನುಡಿಯಿದೆ. ಅದಕ್ಕೂ ಮುಂಚೆ, 1902ರಲ್ಲಿ, ಚಾರ್ಲ್ಸ್ ಕೂಲಿ ಎಂಬ ಸಮಾಜಶಾಸ್ತ್ರಜ್ಞನು ಇತರರ ನೋಟವೇ ನಮಗೆ ಕನ್ನಡಿ ಎಂಬ ವಿಚಾರವನ್ನು ಮುಂದಿಟ್ಟಿದ್ದನು. ನೆರೆಯವರ ಕಣ್ಣಿನಲ್ಲಿ ನಾವು ಹೇಗೆ ಕಾಣುತ್ತೇವೆಯೋ ಹಾಗೆಯೇ ನಮ್ಮನ್ನು ನಾವು ಭಾವಿಸಿಕೊಳ್ಳುತ್ತೇವೆ. ಕನ್ನಡಿ ಡೊಂಕಾಗಿದ್ದರೆ ಮುಖವೇ ಡೊಂಕೆಂದು ನಂಬಿಬಿಡುವ ಅಪಾಯವೂ ಇದೆ.

ಈ ಮಾತನ್ನು ತಿಳಿಯಲು ನಾವು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ನಮ್ಮ ನಗರದ ಕುದ್ರೋಳಿಯವರೆಗೆ ಹೋದರೆ ಸಾಕು.

ಕುದ್ರೋಳಿಯ ಪಾಠ

ಕುದ್ರೋಳಿ ಒಂದು ಪುಟ್ಟ ಪ್ರಪಂಚ. ಅಲ್ಲಿ ಜಾಮಿಯಾ ಮಸೀದಿಯಿದೆ, ಶ್ರೀ ಭಗವತೀ ಕ್ಷೇತ್ರವಿದೆ, ಶ್ರೀ ಗೋಕರ್ಣನಾಥೇಶ್ವರ ದೇವಸ್ಥಾನವಿದೆ. ಇಂದು ದಸರಾ ದೀಪಾಲಂಕಾರಕ್ಕಾಗಿ ದೂರದೂರಿನಿಂದ ಜನರು ಬರುವ ಈ ದೇವಸ್ಥಾನವು ಹುಟ್ಟಿದ್ದು ವೈಭವದಿಂದಲ್ಲ, ಮುಚ್ಚಿದ ಬಾಗಿಲಿನಿಂದ.

ಬಿಲ್ಲವರು ತುಳುನಾಡಿನ ದೊಡ್ಡ ಸಮುದಾಯಗಳಲ್ಲಿ ಒಂದು. ಅವರಲ್ಲಿ ಶೇಂದಿ ಇಳಿಸುವವರಿದ್ದರು, ಒಕ್ಕಲುಗಳಿದ್ದರು, ನಾಟಿ ಮದ್ದು ಬಲ್ಲ ಬೈದ್ಯರಿದ್ದರು, ಗರಡಿಗಳಲ್ಲಿ ಕೋಟಿ ಚೆನ್ನಯರ ಸೇವೆ ನಡೆಸುವ ಪೂಜಾರಿಗಳಿದ್ದರು. ‘ಪೂಜಾರಿ’ ಎಂಬುದು ಎಷ್ಟೋ ಮನೆಗಳ ಕುಲನಾಮವೇ ಆಗಿತ್ತು. ಆದರೂ ಆ ಕಾಲದ ದೇವಾಲಯಗಳ ಒಳಗೆ ಅವರಿಗೆ ಪ್ರವೇಶವಿರಲಿಲ್ಲ. ಹೆಸರಿನಲ್ಲಿ ಪೂಜೆಯಿದ್ದವನು ಪೂಜೆ ನಡೆಯುವ ಸ್ಥಳದಿಂದ ದೂರ ನಿಲ್ಲಬೇಕಾಗಿತ್ತು. ಒಬ್ಬನೇ ಮನುಷ್ಯನು ಗರಡಿಯಲ್ಲಿ ಗೌರವಸ್ಥ, ದೇವಾಲಯದ ಬೀದಿಯಲ್ಲಿ ಬಹಿಷ್ಕೃತ. ಪಾತ್ರ ಬೇರೆ, ಸ್ಥಾನಮಾನ ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಹೊಯಿಗೆಬಜಾರಿನ ಕೊರಗಪ್ಪನವರ ಮುಂದಾಳುತನದಲ್ಲಿ ಸಮುದಾಯದ ಹಿರಿಯರು ಕೇರಳದ ಶ್ರೀ ನಾರಾಯಣ ಗುರುಗಳ ಮೊರೆಹೊಕ್ಕರು. ಗುರುಗಳು ಮಂಗಳೂರಿಗೆ ಬಂದರು. ಕುದ್ರೋಳಿಯಲ್ಲಿ ಸ್ಥಳ ಆರಿಸಿದರು. 1912ರಲ್ಲಿ ಅಲ್ಲಿ ಶಿವಲಿಂಗದ ಪ್ರತಿಷ್ಠೆಯಾಯಿತು. ಆಗ ನಮ್ಮ ಜಿಲ್ಲೆ ಸೇರಿದ್ದ ಮದ್ರಾಸ್ ಪ್ರಾಂತದಲ್ಲಿ ದೇವಾಲಯ ಪ್ರವೇಶದ ಕಾನೂನು ಬಂದದ್ದು 1947ರಲ್ಲಿ. ಕಾನೂನಿಗಾಗಿ ಕಾದಿದ್ದರೆ ಮತ್ತೆ ಮೂವತ್ತೈದು ವರ್ಷ ಹೊರಗೆ ನಿಲ್ಲಬೇಕಾಗಿತ್ತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಬಿಲ್ಲವರು ತಮ್ಮ ಹೆಸರನ್ನು ಬದಲಿಸಲಿಲ್ಲ, ಕುಲವನ್ನು ಮರೆಮಾಚಲಿಲ್ಲ. ಆ ಹೆಸರಿಗೆ ಸಮಾಜವು ಕಟ್ಟಿದ್ದ ಬೆಲೆಯನ್ನು ಬದಲಿಸಿದರು. ಇದೇ ಗುರುಗಳು 1927ರಲ್ಲಿ ಕೇರಳದ ಚೇರ್ತಲದ ಬಳಿಯ ಕಳವಂಕೋಡದಲ್ಲಿ ವಿಗ್ರಹದ ಬದಲು ಕನ್ನಡಿಯನ್ನೇ ಪ್ರತಿಷ್ಠಾಪಿಸಿದರು. ಅದರ ಆಳವಾದ ಅರ್ಥವನ್ನು ವೇದಾಂತಿಗಳು ಹೇಳಲಿ. ನನಗೆ ತೋಚುವುದು ಇಷ್ಟು: ತಲೆಮಾರುಗಳಿಂದ ಇತರರ ಡೊಂಕು ಕನ್ನಡಿಯಲ್ಲಿ ತಮ್ಮನ್ನು ನೋಡಿಕೊಂಡಿದ್ದ ಜನರ ಮುಂದೆ ಅವರು ನೇರವಾದ ಕನ್ನಡಿಯೊಂದನ್ನು ಇಟ್ಟರು.

ಪಾಠ ಅಲ್ಲಿಗೇ ಮುಗಿಯಲಿಲ್ಲ. ಬಿ. ಜನಾರ್ದನ ಪೂಜಾರಿಯವರ ನೇತೃತ್ವದಲ್ಲಿ ನವೀಕರಣಗೊಂಡ ದೇವಸ್ಥಾನವನ್ನು 1991ರಲ್ಲಿ ರಾಜೀವ್ ಗಾಂಧಿಯವರು ಉದ್ಘಾಟಿಸಿದರು. 2013ರಲ್ಲಿ ಅದೇ ದೇವಸ್ಥಾನದಲ್ಲಿ ಇಬ್ಬರು ವಿಧವೆಯರು ಅರ್ಚಕರಾಗಿ ಪೂಜೆಗೆ ನಿಂತರು. ಗಂಡನ ಸಾವಿನೊಂದಿಗೆ ಹೆಣ್ಣಿಗೆ ಹೊಸದೊಂದು ಸ್ಥಾನವನ್ನು ಹೊರಿಸಿ, ಅವಳನ್ನು ಮಂಗಳಕಾರ್ಯದ ಚಪ್ಪರದಿಂದ ಆಚೆಗೆ ಸರಿಸುವ ಸಮಾಜ ನಮ್ಮದು. ಒಮ್ಮೆ ತಾನೇ ಬಾಗಿಲ ಹೊರಗೆ ನಿಂತಿದ್ದ ಸಮುದಾಯವು, ತನ್ನ ಬಾಗಿಲ ಹೊರಗೆ ಯಾರು ನಿಂತಿದ್ದಾರೆಂದು ಕಣ್ಣೆತ್ತಿ ನೋಡಿತು. ಗೆದ್ದವರೆಲ್ಲರೂ ಹೀಗೆ ನೋಡುವುದಿಲ್ಲ.

ಇನ್ನೊಂದು ದಾರಿ

ಇದೇ ಮಂಗಳೂರಿನಲ್ಲಿ ಕೆಲವರು ಬೇರೊಂದು ದಾರಿ ಹಿಡಿದಿದ್ದರು. 1834ರಲ್ಲಿ ಬಾಸೆಲ್ ಮಿಶನ್ ಇಲ್ಲಿಗೆ ಬಂದಾಗ ಕ್ರೈಸ್ತಮತ ಸ್ವೀಕರಿಸಿದವರಲ್ಲಿ ಬಿಲ್ಲವರು ಅನೇಕರಿದ್ದರು. ಮತಾಂತರಗೊಂಡ ದಿನವೇ ಅವರ ಬಂಧುಬಳಗ ಕಳಚಿಹೋಗುತ್ತಿತ್ತು, ಕುಲದ ಕಸುಬೂ ಕೈಬಿಡುತ್ತಿತ್ತು. ಪೂಜೆ ಬೇರೆಯಾದರೆ ಊಟವೂ ಬೇರೆಯಾಗುವ ಸಮಾಜದಲ್ಲಿ ಅವರು ಏಕಾಏಕಿ ಯಾರ ಪೈಕಿಯೂ ಅಲ್ಲದವರಾದರು. ಮಿಶನ್ ನೇಯ್ಗೆಯ ಮಗ್ಗಗಳನ್ನು ಹಾಕಿದ್ದೂ 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದೂ ಬಹುಮಟ್ಟಿಗೆ ಇವರಿಗೆ ಅನ್ನದ ದಾರಿ ತೋರಿಸಲಿಕ್ಕಾಗಿ. ಕೈಗೆ ಹೊಸ ಕೆಲಸ ಬಂದ ಮೇಲೆ ಹೊಸ ಗುಂಪು, ಹೊಸ ಗೌರವ, ಹೊಸ ಗುರುತು ಬಂದವು.

ಒಬ್ಬರು ಗುಂಪಿನೊಳಗೆ ಉಳಿದು ಅದರ ಸ್ಥಾನವನ್ನು ಎತ್ತಿದರು. ಇನ್ನೊಬ್ಬರು ಗುಂಪನ್ನು ತೊರೆದು ಮತ್ತೊಂದನ್ನು ಕಟ್ಟಿಕೊಂಡರು. ಗುಂಪೇ ಇಲ್ಲದೆ ಬದುಕಲು ಮಾತ್ರ ಇಬ್ಬರಿಗೂ ಸಾಧ್ಯವಾಗಲಿಲ್ಲ. ಆದುದರಿಂದ ‘ಗುಂಪುಗಳೆಲ್ಲ ಕೆಟ್ಟವು, ಮನುಷ್ಯನು ಬರೀ ಮನುಷ್ಯನಾಗಿರಲಿ’ ಎಂದು ಉಪದೇಶಿಸುವುದು ಸುಲಭ, ಸತ್ಯವಲ್ಲ. ಗುಂಪು ನಮಗೆ ಮಾತು ಕಲಿಸುತ್ತದೆ, ಮದುವೆಯ ಹಾಡು ಕಲಿಸುತ್ತದೆ, ಸತ್ತಾಗ ಹೆಗಲು ಕೊಡುತ್ತದೆ. ಬೇರಿಲ್ಲದ ಮರ ನಿಲ್ಲದು. ಆದರೆ ಬೇರು ಇರುವುದು ಮರ ಬೆಳೆಯಲಿ ಎಂದು. ಪಕ್ಕದ ಗಿಡವನ್ನು ಹಿಸುಕಲಿ ಎಂದಲ್ಲ.

ನಮ್ಮ ಮನೆಯೊಳಗೆ

ಈಗ ನಮ್ಮ ಮಾತಿಗೆ ಬರೋಣ. ಕುದ್ರೋಳಿಯ ಕಥೆಯನ್ನು ಕೇಳಿ ‘ಅದು ಹಿಂದೂಗಳ ಜಾತಿಯ ಸಮಸ್ಯೆ’ ಎಂದು ನಾವು ತಲೆದೂಗಿ ಎದ್ದುಹೋಗುವಂತಿಲ್ಲ.

ನಮ್ಮ ಪೂರ್ವಜರು ಗೋವೆಯಿಂದ ಬರುವಾಗ ಶಿಲುಬೆಯನ್ನೂ ಕೊಂಕಣಿಯನ್ನೂ ಮಾತ್ರ ತರಲಿಲ್ಲ. ಬಾಮಣ್, ಚಾರೋಡಿ, ಸುದಿರ್ ಎಂಬ ವಿಂಗಡಣೆಗಳನ್ನೂ ಜೊತೆಗೆ ತಂದರು. ನಮ್ಮ ಡಿಸೋಜ, ಪಿಂಟೋ, ಲೋಬೋಗಳು ಜ್ಞಾನಸ್ನಾನದ ತೊಟ್ಟಿಯ ಬಳಿ ಬಂದ ಪೋರ್ಚುಗೀಸ್ ಹೆಸರುಗಳು. ಆದರೆ ಎಷ್ಟೋ ಮನೆಗಳಲ್ಲಿ ಆ ಹೆಸರಿನ ಹಿಂದೆ ಪ್ರಭು, ಕಾಮತ್, ಪೈ, ನಾಯ್ಕ್, ಶೇಟ್ ಎಂಬ ಇನ್ನೊಂದು ಹೆಸರನ್ನು ಇಂದಿಗೂ ಜತನದಿಂದ ಕಾಪಾಡಿಕೊಂಡು ಬಂದಿದ್ದಾರೆ. ಚರಿತ್ರೆಯ ನೆನಪಾಗಿ ಅದು ಅಮೂಲ್ಯವಾದುದೇ. 1784ರಲ್ಲಿ ಶ್ರೀರಂಗಪಟ್ಟಣದ ಸೆರೆಗೆ ನಡೆದವರು, 1799ರ ಬಳಿಕ ಬರಿಗೈಯಲ್ಲಿ ಹಿಂದಿರುಗಿದವರು ನಮ್ಮ ಹಿರಿಯರು. ಮನೆ, ಹೊಲ, ಇಗರ್ಜಿ ಎಲ್ಲವೂ ಹೋದಾಗ ಉಳಿದದ್ದು ನಂಬಿಕೆ ಮತ್ತು ನೆನಪು. ಆದರೆ ನೆನಪು ಯಾವಾಗ ತಕ್ಕಡಿಯಾಗುತ್ತದೆ ಎಂಬುದನ್ನು ನಾನು ನನ್ನ ಆಫೀಸಿನ ಮೇಜಿನ ಮುಂದೆಯೇ ಕಂಡಿದ್ದೇನೆ.

ಹಲವು ವರ್ಷಗಳ ಹಿಂದೆ, ನಾನು ಸೇವೆಯಲ್ಲಿದ್ದ ಒಂದು ಧರ್ಮಕೇಂದ್ರದಲ್ಲಿ, ಯುವಕ ಯುವತಿಯರಿಬ್ಬರು ಮದುವೆಯ ವಿಚಾರ ಮಾತನಾಡಲು ಬಂದರು. ಇಬ್ಬರೂ ಕ್ಯಾಥೋಲಿಕರು, ಇಬ್ಬರಿಗೂ ವಿದ್ಯೆಯಿತ್ತು, ಉದ್ಯೋಗವಿತ್ತು. ಭಾನುವಾರದ ಗಾಯನವೃಂದದಲ್ಲಿ ಜೊತೆಯಾಗಿ ಹಾಡುತ್ತಿದ್ದವರು. ಹುಡುಗನ ತಂದೆ ಮಾತ್ರ ಒಪ್ಪಲಿಲ್ಲ. ಕಾರಣ ಕೇಳಿದಾಗ ಅವರು ನೇರವಾಗಿ ಹೇಳಲಿಲ್ಲ. ‘ಫಾದರ್, ಅವರ ಮೂಲ ನಿಮಗೆ ಗೊತ್ತಲ್ಲ’ ಎಂದಷ್ಟೇ ಹೇಳಿ ಎದ್ದರು. ಪ್ರತಿದಿನ ಬೆಳಿಗ್ಗೆ ಬಲಿಪೂಜೆಗೆ ಬರುವ, ಬಡವರಿಗೆ ಕೈಬಿಚ್ಚಿ ಕೊಡುವ ಸಜ್ಜನರು ಅವರು.

ನಾನೇನು ಮಾಡಿದೆ? ಮನೆಯಲ್ಲಿ ಶಾಂತಿ ನೆಲೆಸಲಿ, ಒಂದು ವರ್ಷ ಕಾಯಿರಿ ಎಂದು ಆ ಇಬ್ಬರಿಗೆ ಬುದ್ಧಿ ಹೇಳಿದೆ. ವಿವೇಕದ ಮಾತೆಂದು ಅಂದು ಭಾವಿಸಿದ್ದೆ. ಹೊರಡುವಾಗ ಆ ಹುಡುಗಿ ಕೇಳಿದಳು: ‘ಫಾದರ್, ನನ್ನ ಜ್ಞಾನಸ್ನಾನ ಅವರದ್ದಕ್ಕಿಂತ ಕಡಿಮೆಯದೇ?’ ಅಲ್ಲವೆಂದು ಹೇಳಿದೆ. ಆದರೆ ಆ ತಂದೆಯ ಮನೆಗೆ ಹೋಗಿ ಅದೇ ಮಾತನ್ನು ಹೇಳುವ ಧೈರ್ಯ ಮಾಡಲಿಲ್ಲ. ವರ್ಷ ತುಂಬುವುದರೊಳಗೆ ಹುಡುಗನು ಕೊಲ್ಲಿಗೆ ಹೋದನು. ಆ ಮದುವೆ ನಡೆಯಲಿಲ್ಲ. ಹುಡುಗಿಯ ಮನೆಯವರು ಬೇರೆ ಊರಿಗೆ ಹೋದರು. ಧರ್ಮಶಾಸ್ತ್ರ ಓದಿದ ನನಗೆ ಉತ್ತರ ತಿಳಿದಿತ್ತು. ಆದರೆ ‘ಎಲ್ಲರಿಗೂ ಬೇಕಾದ ಪಾದ್ರಿ’ ಎಂಬ ಸ್ಥಾನವನ್ನು ಕಳೆದುಕೊಳ್ಳಲು ನಾನು ಸಿದ್ಧನಿರಲಿಲ್ಲ. ಸ್ಥಾನಮಾನವು ಮನುಷ್ಯನನ್ನು ಹೇಗೆ ಕಟ್ಟಿಹಾಕುತ್ತದೆ ಎಂಬುದಕ್ಕೆ ನಾನೇ ಉದಾಹರಣೆ.

ನಮ್ಮ ದೇಶದ ಧರ್ಮಸಭೆಯು ಸರ್ಕಾರದ ಮುಂದೆ ದೀರ್ಘಕಾಲದಿಂದ ಒಂದು ನ್ಯಾಯವಾದ ಬೇಡಿಕೆಯನ್ನಿಟ್ಟಿದೆ. 1950ರ ರಾಷ್ಟ್ರಪತಿ ಆದೇಶದಂತೆ ಪರಿಶಿಷ್ಟ ಜಾತಿಯ ಮಾನ್ಯತೆ ಹಿಂದೂಗಳಿಗೆ ಮಾತ್ರ ದೊರೆಯಿತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದನ್ನು ವಿಸ್ತರಿಸಲಾಯಿತು. ದಲಿತ ಕ್ರೈಸ್ತರಿಗೆ ದೊರೆತಿಲ್ಲ. ‘ಮತ ಬದಲಾದರೂ ಇವರ ಮೇಲಿನ ತಾರತಮ್ಯ ಅಳಿದಿಲ್ಲ’ ಎಂಬುದೇ ನಮ್ಮ ವಾದ. ಆದರೆ ಆ ತಾರತಮ್ಯವನ್ನು ಉಳಿಸಿಕೊಂಡವರಲ್ಲಿ ನಾವೂ ಇದ್ದೇವಲ್ಲವೆ? ದಕ್ಷಿಣ ಭಾರತದ ಬಿಷಪರನ್ನುದ್ದೇಶಿಸಿ 2003ರಲ್ಲಿ ಪೋಪ್ ದ್ವಿತೀಯ ಜಾನ್ ಪಾಲರು ಕ್ರೈಸ್ತರ ನಡುವಿನ ಜಾತಿಭೇದವನ್ನು ಖಂಡಿಸಿದ್ದರು. ಖಂಡನೆಯನ್ನು ನಾವು ಕೇಳಿದೆವು. ವಧು–ವರರನ್ನು ಹುಡುಕುವಾಗ ಮರೆತೆವು.

ವೇಷ ಮತ್ತು ಮುಖ

ದಸರಾ ಬಂದಾಗ ಮಂಗಳೂರಿನ ಬೀದಿಗಳಲ್ಲಿ ಹುಲಿವೇಷ ಕುಣಿಯುತ್ತದೆ. ಬಣ್ಣ ಬಳಿದುಕೊಂಡವನು ತಾಸೆಯ ಪೆಟ್ಟಿಗೆ ಹುಲಿಯಾಗುತ್ತಾನೆ. ಅದು ಸುಳ್ಳಲ್ಲ. ಎಷ್ಟೋ ಮಂದಿ ಹರಕೆ ಹೊತ್ತು ಆ ವೇಷ ಹಾಕುತ್ತಾರೆ. ಆದರೆ ಹಬ್ಬ ಮುಗಿದ ಮೇಲೆ ಬಣ್ಣ ತೊಳೆಯಲು ಅವನಿಗೆ ಅವಕಾಶವಿದೆ. ಸಮಾಜವು ಕೆಲವರಿಗೆ ಬಳಿದ ಬಣ್ಣವನ್ನು ಮಾತ್ರ ತೊಳೆಯಲು ಬಿಡುವುದಿಲ್ಲ. ಅನ್ಯಾಯ ಇರುವುದು ವೇಷದಲ್ಲಲ್ಲ, ವೇಷವೇ ಮುಖವೆಂದು ಸಾಧಿಸುವುದರಲ್ಲಿ.

ಲತೀನಿನ ‘ಪೆರ್ಸೋನಾ’ ಎಂಬ ಪದಕ್ಕೆ ಮೊದಲಿದ್ದ ಅರ್ಥ ನಾಟಕದ ಮುಖವಾಡ ಎಂದೇ. ಧರ್ಮಸಭೆಯ ಪಿತೃಗಳು ಅದೇ ಪದವನ್ನು ಎತ್ತಿಕೊಂಡು ತ್ರೈಏಕ ದೇವರ ರಹಸ್ಯವನ್ನು ವಿವರಿಸಲು ಬಳಸಿದರು. ಅಲ್ಲಿಂದ ಅದು ‘ವ್ಯಕ್ತಿ’ ಎಂಬ ಘನವಾದ ಅರ್ಥವನ್ನು ಪಡೆಯಿತು. ಪಿತ, ಸುತ, ಪವಿತ್ರಾತ್ಮ ಎಂಬ ಹೆಸರುಗಳಲ್ಲಿ ಸಂಬಂಧವಿದೆ, ಮೇಲು ಕೀಳಿಲ್ಲ. ನಮ್ಮ ಗುರುತು ಸಹ ಸಂಬಂಧಗಳಿಂದಲೇ ಆದದ್ದು. ಆದರೆ ಸಂಬಂಧಕ್ಕೆ ಶ್ರೇಣಿ ಬೇಕಿಲ್ಲ.

ಪ್ರಭು ಯೇಸುಕ್ರಿಸ್ತರೂ ಈ ತಕ್ಕಡಿಯಲ್ಲಿ ತೂಗಲ್ಪಟ್ಟವರೇ. ಸ್ವಂತ ಊರಿನವರು ಅವರ ಬೋಧನೆಯನ್ನು ಕೇಳಿ ಬೆರಗಾದರೂ, ಬಡಗಿಯ ಮನೆಯವನಲ್ಲವೆ ಎಂದು ತಳ್ಳಿಹಾಕಿದರು. ಸಂತ ಪೌಲರು ಗಲಾತ್ಯರಿಗೆ ಬರೆಯುತ್ತಾ ಕ್ರಿಸ್ತನಲ್ಲಿ ಕುಲದ, ದಾಸ್ಯದ, ಲಿಂಗದ ಭೇದಗಳಿಗೆ ಬೆಲೆಯಿಲ್ಲವೆಂದು ಸಾರಿದರು. ಇದು ಬರೀ ಬೋಧನೆಯಲ್ಲ, ಇದಕ್ಕಾಗಿ ಪ್ರಾಣ ತೆತ್ತವರಿದ್ದಾರೆ. ತಿರುವಾಂಕೂರಿನ ಉನ್ನತ ಕುಲದ ಅಧಿಕಾರಿಯಾಗಿದ್ದ ದೇವಸಹಾಯಂ 1745ರಲ್ಲಿ ಜ್ಞಾನಸ್ನಾನ ಪಡೆದು ಎಲ್ಲ ಜಾತಿಯವರೊಡನೆ ಸರಿಸಮನಾಗಿ ಬೆರೆತರು. 1752ರಲ್ಲಿ ಗುಂಡಿಗೆ ಬಲಿಯಾದರು. 2022ರ ಮೇ 15ರಂದು ಪೋಪ್ ಫ್ರಾನ್ಸಿಸರು ಅವರನ್ನು ಸಂತರೆಂದು ಘೋಷಿಸಿದಾಗ ಅವರ ಹೆಸರಿನೊಂದಿಗೆ ಬಹುಕಾಲ ಅಂಟಿಕೊಂಡಿದ್ದ ‘ಪಿಳ್ಳೆ’ ಎಂಬ ಜಾತಿಸೂಚಕ ಪದವನ್ನು ಕೈಬಿಡಲಾಗಿತ್ತು.

ನಮ್ಮಿಂದ ಆಗಬಹುದಾದುದೇನು? ನಮ್ಮ ವಾಳೆಗಳಲ್ಲಿ ಗುರ್ಕಾರರಿದ್ದಾರೆ. ಬಿಲ್ಲವ, ಮೊಗವೀರ ಸಮುದಾಯಗಳಲ್ಲಿಯೂ ‘ಗುರಿಕಾರ’ರಿದ್ದಾರೆ. ಪದ ಒಂದೇ, ಹೊಣೆಯೂ ಹೆಚ್ಚು ಬೇರೆಯಲ್ಲ: ತನ್ನ ಜನರ ಸುಖದುಃಖಕ್ಕೆ ಒದಗುವುದು. ಮುಂದಿನ ಬಾರಿ ವಾಳೆಯಲ್ಲಿ ಮದುವೆಯ ಮಾತು ಬಂದಾಗ, ‘ಅವರ ಮೂಲ’ ಎಂಬ ಪಿಸುಮಾತನ್ನು ಯಾರಾದರೊಬ್ಬರು ಅಲ್ಲಿಯೇ ತಡೆಯಲಿ. ಹೆತ್ತವರು ಮಕ್ಕಳಿಗೆ ಮನೆತನದ ಹಳೆಯ ಹೆಸರನ್ನು ಹೇಳಿಕೊಡುವಾಗ, ಅದು ಚರಿತ್ರೆ, ಯೋಗ್ಯತಾಪತ್ರವಲ್ಲ ಎಂಬುದನ್ನೂ ಹೇಳಿಕೊಡಲಿ. ಪಾದ್ರಿಗಳು ಕಾಯಿರಿ ಎಂದು ಹೇಳುವ ಮೊದಲು ಆ ಮನೆಯ ಬಾಗಿಲು ತಟ್ಟಲಿ. ಈ ಕೊನೆಯ ಮಾತನ್ನು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ.

ಶಿಶುವನ್ನು ಜ್ಞಾನಸ್ನಾನಕ್ಕೆ ತಂದಾಗ ಗುರುವು ಹೆತ್ತವರಲ್ಲಿ ಮೊದಲು ಕೇಳುವುದು ಮಗುವಿಗೆ ಯಾವ ಹೆಸರಿಟ್ಟಿದ್ದೀರಿ ಎಂದು. ಯಾರ ಪೈಕಿ ಎಂದು ಆ ವಿಧಿಯಲ್ಲಿ ಎಲ್ಲಿಯೂ ಕೇಳುವುದಿಲ್ಲ. ಬಲಿಪೂಜೆಯಲ್ಲಿ ಪೋಪರಿಗಾಗಿ, ಬಿಷಪರಿಗಾಗಿ ಪ್ರಾರ್ಥಿಸುವಾಗಲೂ ಅವರ ಮನೆತನದ ಹೆಸರು ಬರುವುದಿಲ್ಲ. ನಮ್ಮ ಶವಸಂಸ್ಕಾರದ ದಿನ ಧರ್ಮಸಭೆಯು ನಮ್ಮನ್ನು ದೇವರ ಕೈಗೆ ಒಪ್ಪಿಸುವುದು ಸಹ ಅದೇ ಮೊದಲ ಹೆಸರಿನಿಂದ. ಆರಂಭದಲ್ಲಿಯೂ ಅಂತ್ಯದಲ್ಲಿಯೂ ಸಾಕಾಗುವ ಆ ಹೆಸರು ನಡುವಿನ ಕೆಲವು ವರ್ಷಗಳಿಗೆ ಏಕೆ ಸಾಲದು?