ನೋವು ಹೇಳಿದ ದಿನ, ವೈದ್ಯರಿಗೆ ತಿಳಿದ ದಿನ

ಮುಂಬೈಯ ಸಾತ್ ರಸ್ತಾ ಬಳಿಯ ಆರ್ಥರ್ ರೋಡ್ ಜೈಲಿನಿಂದ ಬೈಕುಲಾದ ಜೆ.ಜೆ. ಆಸ್ಪತ್ರೆ ದೂರವೇನಲ್ಲ. ಟ್ಯಾಕ್ಸಿ ಹಿಡಿದರೆ ಸ್ವಲ್ಪ ಹೊತ್ತಿನ ದಾರಿ. ಜೈಲಿನೊಳಗೆ ಇರುವವನಿಗೆ ಮಾತ್ರ ಅದೇ ದಾರಿ ದಿನಗಟ್ಟಲೆ ಉದ್ದವಾಗಬಹುದು. ಎದೆನೋವು ಎಂದು ಮೊದಲು ಬ್ಯಾರಕ್‌ನ ಕಾವಲುಗಾರನಿಗೆ ಹೇಳಬೇಕು. ಅವನು ನಂಬಬೇಕು. ಜೈಲಿನ ದವಾಖಾನೆಯಲ್ಲಿ ಆ ಹೊತ್ತಿಗೆ ವೈದ್ಯರಿರಬೇಕು. ಅವರು ಹೊರಗಿನ ಆಸ್ಪತ್ರೆಗೆ ಬರೆದುಕೊಟ್ಟರೂ ಕರೆದೊಯ್ಯಲು ಪೊಲೀಸ್ ಬೆಂಗಾವಲು ಸಿಗಬೇಕು. ಅಂದು ಊರಲ್ಲಿ ಬಂದೋಬಸ್ತ್ ಇದ್ದರೆ ಪೊಲೀಸರು ಸಿಗುವುದಿಲ್ಲ, ಆಸ್ಪತ್ರೆಯ ತಾರೀಖು ತಪ್ಪುತ್ತದೆ. ಮತ್ತೆ ಮೊದಲಿನಿಂದ ಶುರು.

ನಾವು ಹೊಟ್ಟೆಪಾಡಿಗೆ ಬಂದು ನೆಲೆಸಿದ ಊರುಗಳಲ್ಲೆಲ್ಲ ಇಂಥದೊಂದು ಗೋಡೆ ಇದೆ. ಪುಣೆಯಲ್ಲಿ ಯೆರವಡಾ, ಚೆನ್ನೈಯಲ್ಲಿ ಪುಳಲ್, ಹೈದರಾಬಾದಿನಲ್ಲಿ ಚಂಚಲಗೂಡ, ದಿಲ್ಲಿಯಲ್ಲಿ ತಿಹಾರ್. ರಾಷ್ಟ್ರೀಯ ಅಪರಾಧ ದಾಖಲೆ ಸಂಸ್ಥೆಯ ಲೆಕ್ಕದಂತೆ 2022ರ ಕೊನೆಗೆ ದೇಶದ ಜೈಲುಗಳಲ್ಲಿ 5.73 ಲಕ್ಷ ಜನರಿದ್ದರು. ನೂರು ಜನರ ಜಾಗದಲ್ಲಿ 131 ಮಂದಿ. ನಾಲ್ವರಲ್ಲಿ ಮೂವರು ಇನ್ನೂ ವಿಚಾರಣೆ ಮುಗಿಯದವರು, ಎಂದರೆ ಕಾನೂನಿನ ಕಣ್ಣಲ್ಲಿ ಅಪರಾಧಿಗಳಲ್ಲ. ಆ ವರ್ಷ ಸತ್ತವರು 1,995. ಅದರಲ್ಲಿ 1,773 ಸಾವುಗಳು ‘ಸಹಜ’ ಎಂಬ ಕಾಲಮ್ಮಿನಲ್ಲಿವೆ. ಕಾಯಿಲೆಯಿಂದ ಸತ್ತರೆ ಸಹಜ. ಸಮಯಕ್ಕೆ ಔಷಧ ಸಿಕ್ಕಿದ್ದರೆ ಅವರಲ್ಲಿ ಎಷ್ಟು ಜನ ಬದುಕುತ್ತಿದ್ದರು ಎಂಬುದಕ್ಕೆ ಆ ಪಟ್ಟಿಯಲ್ಲಿ ಕಾಲಮ್ಮಿಲ್ಲ.

ಹಳೆಯ ಕಾನೂನು ಕೇಳಿದ ಪ್ರಶ್ನೆ

ಆದರೆ ಆ ಪ್ರಶ್ನೆಯನ್ನು ಬ್ರಿಟಿಷರ ಕಾಲದ ಕಾನೂನು ಕೇಳಿತ್ತು. ಕೈದಿ ಸತ್ತಾಗ ವೈದ್ಯಾಧಿಕಾರಿ ಏನೇನು ಬರೆದಿಡಬೇಕು ಎಂದು 1894ರ ಕಾರಾಗೃಹ ಕಾಯ್ದೆಯ 15ನೇ ಸೆಕ್ಷನ್ ಹೇಳುತ್ತದೆ. ಸತ್ತವನು ಕಾಯಿಲೆ ಎಂದು ಮೊದಲು ಹೇಳಿದ ದಿನ ಯಾವುದು? ಅದು ವೈದ್ಯರಿಗೆ ತಿಳಿದ ದಿನ ಯಾವುದು? ಆಸ್ಪತ್ರೆಗೆ ಸೇರಿಸಿದ್ದು ಯಾವಾಗ? ವೈದ್ಯರು ಕೊನೆಯ ಸಲ ನೋಡಿದ್ದು ಯಾವಾಗ? ಜೈಲಿನ ಆರೋಗ್ಯ ಸೇವೆಯನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಕೋಲು ಬೇಕಿಲ್ಲ. ಒಂದೇ ದೋಷ, ಈ ಲೆಕ್ಕ ಮನುಷ್ಯ ಸತ್ತ ಮೇಲೆ ಶುರುವಾಗುತ್ತದೆ.

ಫಾದರ್ ಸ್ಟ್ಯಾನ್ ಸ್ವಾಮಿಯವರ ಪ್ರಕರಣವನ್ನು ಈ ಕೋಲಿನಿಂದ ಅಳೆದು ನೋಡಿ. ಒಂದು ಕಾಲಕ್ಕೆ ಬೆಂಗಳೂರಿನ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟ್‌ನ ನಿರ್ದೇಶಕರಾಗಿದ್ದವರು. 2020ರ ಅಕ್ಟೋಬರ್ 8ರಂದು ಬಂಧನವಾದಾಗ 83 ವರ್ಷ, ಪಾರ್ಕಿನ್ಸನ್ ಕಾಯಿಲೆ. ಕೈ ನಡುಗಿ ಲೋಟ ಹಿಡಿಯಲಾಗದೆ ತಳೋಜಾ ಜೈಲಿನಿಂದ ಸ್ಟ್ರಾ ಮತ್ತು ಸಿಪ್ಪರ್ ಕೇಳಿ ನವೆಂಬರಿನಲ್ಲಿ ಕೋರ್ಟಿಗೆ ಅರ್ಜಿ ಹಾಕಿದರು. ಉತ್ತರ ಕೊಡಲು ತನಿಖಾ ಸಂಸ್ಥೆ 20 ದಿನ ಕೇಳಿತು. ಜೈಲಿಗೆ ಬಂದಾಗ ನಡೆಯುತ್ತಿದ್ದೆ, ನಾನೇ ಉಣ್ಣುತ್ತಿದ್ದೆ, ಈಗ ಆಗುತ್ತಿಲ್ಲ ಎಂದು 2021ರ ಮೇ ತಿಂಗಳಲ್ಲಿ ಅವರೇ ಬಾಂಬೆ ಹೈಕೋರ್ಟಿಗೆ ಹೇಳಿದರು. ಕೋರ್ಟ್ ಆದೇಶದಂತೆ ಬಾಂದ್ರಾದ ಹೋಲಿ ಫ್ಯಾಮಿಲಿ ಆಸ್ಪತ್ರೆಗೆ ಸೇರಿಸಲಾಯಿತು. ಜಾಮೀನು ಅರ್ಜಿ ಬಾಕಿ ಇರುವಾಗಲೇ ಜುಲೈ 5ರಂದು ತೀರಿಕೊಂಡರು. ಆರೋಪ ನಿಜವೋ ಸುಳ್ಳೋ ತೀರ್ಮಾನಿಸುವ ವಿಚಾರಣೆ ಶುರುವೇ ಆಗಿರಲಿಲ್ಲ.

ಬೆಂಗಳೂರಿನ ಎರಡು ಪಾಠಗಳು

ಬೆಂಗಳೂರು ಸೆಂಟ್ರಲ್ ಜೈಲಿನ ಕೈದಿಯೊಬ್ಬರು 1984ರಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಿಗೆ ಒಂದು ಕಾಗದ ಬರೆದರು. ದುಡಿಮೆಗೆ ಸರಿಯಾದ ಕೂಲಿ ಇಲ್ಲ, ಊಟ ಬಾಯಿಗಿಡುವಂತಿಲ್ಲ ಎಂಬ ದೂರು. ಅದೇ ‘ರಾಮಮೂರ್ತಿ ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣವಾಯಿತು. 1996ರ ತೀರ್ಪು ದೇಶದ ಜೈಲುಗಳ ಒಂಬತ್ತು ಮುಖ್ಯ ಸಮಸ್ಯೆಗಳನ್ನು ಹೆಸರಿಸಿತು. ಆರೋಗ್ಯ, ನೈರ್ಮಲ್ಯದ ಕಡೆಗಣನೆ ಅವುಗಳಲ್ಲೊಂದು.

ಎರಡನೆಯದು ನಿಮ್ಹಾನ್ಸ್ ವೈದ್ಯರ ಕೆಲಸ. ಬೆಂಗಳೂರು ಜೈಲಿನ 5,024 ಜನರನ್ನು ಪರೀಕ್ಷಿಸಿ 2011ರಲ್ಲಿ ವರದಿ ಕೊಟ್ಟರು. ಕುಡಿತ, ಮಾದಕವಸ್ತುಗಳ ಚಟವನ್ನು ಬದಿಗಿಟ್ಟರೂ ಶೇ. 27.6 ಮಂದಿಗೆ ಮಾನಸಿಕ ಕಾಯಿಲೆ ಇತ್ತು. ಕೇಳುವವರು ಹೋದರೆ ಕಾಯಿಲೆ ಕಾಣುತ್ತದೆ ಎಂಬುದು ಇದರ ಪಾಠ. ಹೋಗುವವರೇ ಇಲ್ಲ. ಮಾದರಿ ಕಾರಾಗೃಹ ಕೈಪಿಡಿಯ ಪ್ರಕಾರ 300 ಕೈದಿಗಳಿಗೆ ಒಬ್ಬ ವೈದ್ಯರಿರಬೇಕು. ಇಂಡಿಯಾ ಜಸ್ಟಿಸ್ ರಿಪೋರ್ಟ್ 2025ರಂತೆ ಇರುವುದು 775ಕ್ಕೆ ಒಬ್ಬರು. ಇಡೀ ದೇಶದ ಜೈಲುಗಳಿಗೆ ಮನೋವೈದ್ಯರು, ಮನಶ್ಶಾಸ್ತ್ರಜ್ಞರು ಸೇರಿ 25 ಮಂದಿ.

ಏನು ಮಾಡಬಹುದು?

ಮೊದಲನೆಯದಾಗಿ, 15ನೇ ಸೆಕ್ಷನ್ನಿನ ಆ ದಿನಗಳ ಲೆಕ್ಕವನ್ನು ಬದುಕಿರುವಾಗಲೇ ಇಡಬೇಕು. ದೂರು ಹೇಳಿದ ದಿನ, ವೈದ್ಯರು ನೋಡಿದ ದಿನ, ಬೆಂಗಾವಲಿಲ್ಲದೆ ತಪ್ಪಿದ ಆಸ್ಪತ್ರೆ ತಾರೀಖು, ಇವಿಷ್ಟನ್ನು ಪ್ರತಿ ಜೈಲೂ ತಿಂಗಳಿಗೊಮ್ಮೆ ಪ್ರಕಟಿಸಿದರೆ ತಡ ಎಲ್ಲಾಗುತ್ತಿದೆ ಎಂದು ಯಾರಿಗೂ ತಿಳಿಯುತ್ತದೆ. ಎರಡನೆಯದಾಗಿ, ಜೈಲಿನ ವೈದ್ಯರು ಜೈಲರ ಕೈಕೆಳಗೆ ಇರಬಾರದು. ನಾರ್ವೆ, ಫ್ರಾನ್ಸ್, ಇಂಗ್ಲೆಂಡ್ ಈ ಹೊಣೆಯನ್ನು ಸಾರ್ವಜನಿಕ ಆರೋಗ್ಯ ವ್ಯವಸ್ಥೆಗೇ ಒಪ್ಪಿಸಿವೆ. ಹೊರಗಿನವರಿಗೆ ಸಿಗುವ ಮಟ್ಟದ ಚಿಕಿತ್ಸೆ ಒಳಗಿನವರಿಗೂ ಸಿಗಬೇಕು ಎಂಬುದು 2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ ನೆಲ್ಸನ್ ಮಂಡೇಲಾ ನಿಯಮಗಳ ಮಾತು.

ನಮ್ಮ ಕೈಲಾಗುವುದೂ ಇದೆ. ಪರಿಚಯದವರು ಯಾರಾದರೂ ಒಳಗಿದ್ದರೆ ಅವರ ಹಳೆಯ ಔಷಧ ಚೀಟಿಗಳ ಪ್ರತಿಯನ್ನು ಜೈಲು ಅಧೀಕ್ಷಕರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಕಾಯಿಲೆಯ ವಿಷಯವನ್ನು ವಕೀಲರ ಮೂಲಕ ಕೋರ್ಟಿನ ಗಮನಕ್ಕೆ ತನ್ನಿ. ಬಂಧನದಲ್ಲಿರುವ ಯಾರಿಗೇ ಆಗಲಿ ಉಚಿತ ಕಾನೂನು ನೆರವಿನ ಹಕ್ಕಿದೆ. ಸಹಾಯವಾಣಿ 15100.

ಇನ್ನೊಂದು ಮಾತು. ಕಲಬುರಗಿಯಿಂದಲೋ ವಿಜಯಪುರದಿಂದಲೋ ಕೂಲಿಗೆ ಬಂದು ಇಲ್ಲಿ ಜೈಲು ಸೇರಿದವನು ‘ಎದಿ ಹಿಡದಂಗ ಆಗೇದ್ರಿ’ ಎಂದರೆ ಅರ್ಥ ಮಾಡಿಕೊಳ್ಳುವವರು ಯಾರು? ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಗಳು ಅರೆಕಾನೂನು ಸ್ವಯಂಸೇವಕರನ್ನು ತೆಗೆದುಕೊಳ್ಳುತ್ತವೆ. ನಮ್ಮ ಕನ್ನಡ ಸಂಘಗಳಿಂದ ಇಬ್ಬರು ಮೂವರು ಮುಂದೆ ಬಂದರೂ ಸಾಕು. ಅವನು ನೋವು ಹೇಳಿದ ದಿನವೇ ಅದು ವೈದ್ಯರಿಗೂ ತಿಳಿದೀತು.